ಚಾಸಿಗೆ ತೇಪೆ ಸಾಲದು

ಗಣಪತಿ ಹಬ್ಬ ಮುಗಿದು ಹಿಂಗಾರಿ ಜೋಳಕ್ಕೆ ಹೊಲ ಹದವಾಗುವ ಹೊತ್ತಿಗೆ ಬೈಲಹೊಂಗಲ, ಕಿತ್ತೂರು ಕಡೆಯ ವೆಲ್ಡಿಂಗ್ ಅಂಗಡಿಗಳ ಮುಂದೆ ಟ್ರೇಲರುಗಳು ಸಾಲುಗಟ್ಟುತ್ತವೆ. ಕಬ್ಬಿನ ಹಂಗಾಮಿಗೆ ಇನ್ನು ಕೆಲವೇ ವಾರ. ಬೇಸಿಗೆಗೆ ಮೊದಲು ಕೊನೆಯ ಲೋಡು ಇಳಿಸಿ ಬಂದು ಹಿತ್ತಲಲ್ಲಿ ನಿಂತ ಟ್ರೇಲರು ಮಳೆಗಾಲವನ್ನೆಲ್ಲ ಅಲ್ಲೇ ಕಳೆದಿರುತ್ತದೆ. ಅದರ ಅಡಿಯಲ್ಲಿ ರವದಿಯ ಚೂರು, ಕಬ್ಬಿನ ರಸದ ಅಂಟು, ಎರೆಮಣ್ಣು ಎಲ್ಲ ಕಲೆತು ಗಟ್ಟಿ ಪದರವಾಗಿರುತ್ತದೆ. ಮಿಸ್ತ್ರಿ ಅದನ್ನು ಕೆರೆಯಲು ಕೈಹಾಕಿದರೆ ಮಣ್ಣಿನ ಜೊತೆಗೆ ಕಬ್ಬಿಣವೂ ಹೊಪ್ಪಳೆ ಹೊಪ್ಪಳೆಯಾಗಿ ಎದ್ದು ಬರುತ್ತದೆ. ಮಾಲೀಕ ಹೇಳುವ ಮಾತು ಎಲ್ಲ ಊರಲ್ಲೂ ಒಂದೇ: "ಒಂದು ಪಟ್ಟಿ ಹಚ್ಚಿ ಬಿಡ್ರಿ, ಈ ಸೀಜನ್ ದಾಟಿದ್ರ ಸಾಕು."

ಆ ಸಾಲಿನ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಹಳೆಯ ಜೀಪೂ ಬಂದು ನಿಲ್ಲುತ್ತದೆ. ಅಜ್ಜನ ಕಾಲದ್ದು, ಗೌಡರ ಮನೆಯದ್ದು, ಎಲ್ಲಮ್ಮನ ಗುಡ್ಡಕ್ಕೆ ಜನ ಹೊತ್ತು ಹೊತ್ತು ಸೋತದ್ದು, ಹೀಗೆ ಒಂದೊಂದಕ್ಕೂ ಒಂದು ಕತೆ. ಈಚೆಗೆ ಹುಡುಗರಿಗೆ ಇಂಥವನ್ನು ಹೊಸದಾಗಿಸುವ ಹುಚ್ಚು ಹತ್ತಿದೆ, ಒಳ್ಳೆಯ ಹುಚ್ಚೇ. ಹೊಸ ಟಾಪು, ಅಗಲ ಟೈರು, ಮಿಲಿಟರಿ ಹಸಿರು ಬಣ್ಣ, ಮುಂದೆ ನಾಲ್ಕು ದೀಪ. ದುಡ್ಡೆಲ್ಲ ಅದಕ್ಕೇ ಮುಗಿದು, ಅಡಿಯ ಚಾಸಿಗೆ ಬಂದಾಗ ಉಳಿಯುವುದು ಮತ್ತೆ ಅದೇ ಮಾತು: ಒಂದು ಪಟ್ಟಿ ಹಚ್ಚಿ ಬಿಡಿ. ನನ್ನ ತಕರಾರು ಈ ಮಾತಿನ ಮೇಲೆ.

ಜೀಪಿನ ಅಡಿಯಲ್ಲಿರುವುದು ಏಣಿ ಚಾಸಿ. ಎರಡು ಉದ್ದನೆಯ ಚಾನೆಲ್, ಅವುಗಳ ನಡುವೆ ಅಡ್ಡ ಪಟ್ಟಿಗಳು. ಎಂಜಿನ್, ಗೇರ್ ಪೆಟ್ಟಿಗೆ, ಪಾಟಾ (ಲೀಫ್ ಸ್ಪ್ರಿಂಗು), ಸ್ಟೇರಿಂಗ್ ಎಲ್ಲಕ್ಕೂ ಇದೇ ಆಸರೆ. ಮೈ ತಗಡು ಇದರ ಮೇಲೆ ಬೋಲ್ಟು ಬಿಗಿದು ಕೂರಿಸಿದ ಹೊದಿಕೆ. ಮಹೀಂದ್ರಾದವರು 1947ರಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪು ಜೋಡಿಸತೊಡಗಿದಾಗ ಬಂದ ಈ ರಚನೆ ಹಲವು ದಶಕ ಸಣ್ಣಪುಟ್ಟ ಬದಲಾವಣೆಯೊಂದಿಗೆ ನಮ್ಮ ರಸ್ತೆಗಳಲ್ಲಿ ಓಡಿತು. ವಿದೇಶದಲ್ಲಿ ಸಂಗ್ರಾಹಕರು ಹಣ ಸುರಿಯುವ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಅಡಿಗೆ ಹೊಕ್ಕು ನೋಡಿದರೂ ಇದರ ದಾಯಾದಿಗಳೇ ಕಾಣುತ್ತವೆ. ಎಂ.ಜಿ.ಯ ಟಿ ಸರಣಿ, ಟಿಆರ್6ರ ತನಕದ ಟ್ರಯಂಫ್ ಟಿಆರ್ ಸರಣಿ ಎರಡಕ್ಕೂ ಪ್ರತ್ಯೇಕ ಉಕ್ಕಿನ ಚಾಸಿ ಇತ್ತು. ಟ್ರಯಂಫಿನಲ್ಲಿ 1965ರ ಟಿಆರ್4ಎ ಮಾದರಿಯಿಂದ 1976ಕ್ಕೆ ನಿಂತ ಟಿಆರ್6ರ ತನಕ ಹಿಂಚಕ್ರದ ತೋಳುಗಳು ಬಂದು ಸೇರುವ ಜಾಗ ತುಕ್ಕಿಗೆ ಹೆಸರುವಾಸಿ. ಹೊರಗಿನಿಂದ ನೋಡಿದರೆ ಥಳಥಳ ಕಾರು, ತಿರುವಿನಲ್ಲಿ ಹಿಂಭಾಗ ಮಾತ್ರ ತನ್ನ ದಾರಿ ತಾನು ಹಿಡಿಯುತ್ತದೆ.

1961ರಲ್ಲಿ ಬಂದ ಜಾಗ್ವಾರ್ ಇ-ಟೈಪಿನ ಕತೆ ಇನ್ನೂ ಕಠಿಣ. ಅದರ ಎಂಜಿನ್ ಕೂರುವುದು ತೆಳು ಚೌಕ ಕೊಳವೆಗಳನ್ನು ಹಿತ್ತಾಳೆ ಬೆಸುಗೆಯಲ್ಲಿ ಕೂಡಿಸಿದ ಚೌಕಟ್ಟಿನ ಮೇಲೆ. ಕೊಳವೆಗಳು ಒಳಗಿನಿಂದ ಕೊರೆದುಹೋಗುತ್ತವೆ. ಬಲ್ಲವರು ಅದಕ್ಕೆ ತೇಪೆ ಹಚ್ಚುವ ಗೋಜಿಗೆ ಹೋಗದೆ ಇಡೀ ಚೌಕಟ್ಟನ್ನೇ ಬದಲಿಸುತ್ತಾರೆ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಸಿಪಾನಿ ಡಾಲ್ಫಿನ್ ಇದೆ. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1980ರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಆಧಾರದ ಮೇಲೆ ತಯಾರಿಸಿದ ಪುಟ್ಟ ಕಾರು. 848 ಸಿಸಿ ಎಂಜಿನ್, ಫೈಬರ್ ಗ್ಲಾಸಿನ ಮೈ, ಕೆಳಗೆ ಉಕ್ಕಿನ ಚಾಸಿ. ಹಗುರವಾಗಿದ್ದದ್ದಕ್ಕೆ ರ‍್ಯಾಲಿ ಓಡಿಸುವವರು ಅದನ್ನು ಮೆಚ್ಚಿದ್ದರು. ಮಾರುಕಟ್ಟೆ ಮೆಚ್ಚಲಿಲ್ಲ, ಮಾರುತಿ ಬಂದಿತ್ತು. ಫೈಬರ್ ಮೈಗೆ ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ಅಡಿಯ ಉಕ್ಕು ಸವೆದು ಹೋಗಿದ್ದರೂ ಮೇಲೆ ಒಂದು ಗುಳ್ಳೆಯೂ ಏಳುವುದಿಲ್ಲ. ಮೈ ನೋಡಿ ಮೋಸ ಹೋಗುವುದಕ್ಕೆ ಹೇಳಿ ಮಾಡಿಸಿದಂಥ ಕಾರು.

ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಸವದತ್ತಿ, ರಾಮದುರ್ಗ ಅಪ್ಪಟ ಬಯಲುಸೀಮೆ. ಒಣ ಹವೆಯ ಊರಿನ ಗಾಡಿಗೆ ತುಕ್ಕು ಹತ್ತುವುದಿಲ್ಲ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ. ಅರ್ಧ ನಿಜ. ಕಾರವಾರದ ಗಾಡಿಗೆ ಹೋಲಿಸಿದರೆ ರಾಮದುರ್ಗದ ಗಾಡಿಯ ಮೈ ಚೆನ್ನಾಗಿಯೇ ಇರುತ್ತದೆ. ಆದರೆ ಚಾಸಿಗೆ ಊರಿನ ಹವೆಗಿಂತ ತನ್ನೊಳಗಿನ ಹವೆ ಮುಖ್ಯ. ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಕುಡಿದ ನೀರನ್ನು ಬೇಗ ಬಿಡುವುದೂ ಇಲ್ಲ. ಹೊಲದ ದಾರಿಯಲ್ಲಿ ಟೈರು ಎಸೆದ ಆ ಮಣ್ಣು ಚಾನೆಲ್ಲಿನ ಒಳಮೂಲೆಯಲ್ಲಿ, ಪಾಟಾದ ಹ್ಯಾಂಗರಿನ ಹಿಂದೆ, ಅಡ್ಡ ಪಟ್ಟಿ ಕೂಡುವ ಸಂದಿನಲ್ಲಿ ಹೋಗಿ ಕೂರುತ್ತದೆ. ಜೀಪಿನ ಚಾಸಿಯ ಮುಂಭಾಗವನ್ನು ಬಲಕ್ಕಾಗಿ ನಾಲ್ಕೂ ಕಡೆ ಮುಚ್ಚಿ ಡಬ್ಬಿ ಮಾಡಿರುತ್ತಾರೆ. ಡಬ್ಬಿಗೆ ನೀರು ಇಳಿಯಲು ಬಿಟ್ಟ ತೂತು ಮಣ್ಣಿನಿಂದ ಕಟ್ಟಿತೆಂದರೆ ಮುಗಿಯಿತು. ಹೊರಗೆ ದೂಳು ಏಳುವ ದಿನಗಳಲ್ಲೂ ಒಳಗೆ ಪಸೆ ಇದ್ದೇ ಇರುತ್ತದೆ.

ಇನ್ನೊಂದು ಕಾರಣವನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಗೊಬ್ಬರ. ಸಮುದ್ರದ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ ಎಂದು ಎಲ್ಲರಿಗೂ ಗೊತ್ತು. ಅದರಲ್ಲಿ ಕೆಡಿಸುವ ಅಂಶ ಕ್ಲೋರೈಡ್. ನಾವು ಹೊಲಕ್ಕೆ ಹಾಕುವ ಸಾಮಾನ್ಯ ಪೊಟ್ಯಾಷ್ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಕ್ಲೋರೈಡೇ. ಸೊಸೈಟಿಯಿಂದ ತಂದ ಚೀಲ ಹರಿದು ಜೀಪಿನ ಹಿಂದಿನ ಹಲಗೆಯ ಮೇಲೆ ಒಂದು ಬೊಗಸೆ ಪೊಟ್ಯಾಷ್ ಚೆಲ್ಲಿ, ಮೇಲೊಂದು ಮಳೆ ಬಿತ್ತೆಂದರೆ ಆ ನೀರು ಹಲಗೆಯ ಸಂದಿಯಿಂದ ಇಳಿದು ನೇರ ಚಾಸಿಯ ಮೇಲೆ ಬೀಳುತ್ತದೆ. ರಾಮದುರ್ಗದಲ್ಲಿ ಸಮುದ್ರವಿಲ್ಲ, ಆದರೆ ಸಮುದ್ರ ಮಾಡುವ ಕೆಲಸವನ್ನು ಮಾಡಬಲ್ಲ ಉಪ್ಪು ಪ್ರತಿ ಗೋದಾಮಿನಲ್ಲೂ ಇದೆ.

2019ರ ಆಗಸ್ಟನ್ನೂ ಮರೆಯುವ ಹಾಗಿಲ್ಲ. ನವಿಲುತೀರ್ಥದ ರೇಣುಕಾಸಾಗರ ತುಂಬಿ, ಬಿಟ್ಟ ನೀರು ಮಲಪ್ರಭೆಯ ದಂಡೆ ಮೀರಿ ಮುನವಳ್ಳಿಗೂ ರಾಮದುರ್ಗಕ್ಕೂ ನುಗ್ಗಿತು. ಹೊಳೆಯ ನೀರಲ್ಲಿ ಮುಳುಗೆದ್ದ ಗಾಡಿಗೆ ಎಣ್ಣೆ ಬದಲಿಸುತ್ತಾರೆ, ಸೀಟು ಬಿಸಿಲಿಗೆ ಹಾಕುತ್ತಾರೆ, ವೈರಿಂಗ್ ನೋಡುತ್ತಾರೆ. ಚಾಸಿಯ ಹೊಟ್ಟೆಯೊಳಗೆ ಕೂತ ರಾಡಿಯನ್ನು ಪೈಪು ತೂರಿಸಿ ತೊಳೆಯುವವರು ವಿರಳ. ಹಾಗೆ ಬಿಟ್ಟ ಗಾಡಿಯ ತುಕ್ಕು ಹೊರಗೆ ಕಾಣಿಸಿಕೊಳ್ಳುವುದು ವರ್ಷಗಳಾದ ಮೇಲೆ. ಈ ಭಾಗದಲ್ಲಿ ಹಳೆ ಗಾಡಿ ಕೊಳ್ಳುವವರು ಅದು ಆ ವರ್ಷ ಎಲ್ಲಿ ನಿಂತಿತ್ತು ಎಂದು ಕೇಳಿದರೆ ತಪ್ಪೇನಿಲ್ಲ.

ತುಕ್ಕಿಗೆ ಇನ್ನೊಂದು ಕೆಟ್ಟ ಗುಣವಿದೆ. ಕಬ್ಬಿಣ ತುಕ್ಕಾದಾಗ ಮೊದಲಿದ್ದ ಜಾಗಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಎರಡು ತಗಡುಗಳ ನಡುವೆ ತುಕ್ಕು ಬೆಳೆದರೆ ಅದು ಎರಡನ್ನೂ ದೂಡಿ ರಿವೆಟ್ಟನ್ನೇ ಕಿತ್ತುಹಾಕುತ್ತದೆ. ಪಟ್ಟಿ ಹಚ್ಚುವ ರಿಪೇರಿ ಏಕೆ ಸೋಲುತ್ತದೆ ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಕೊಳೆತ ಚಾನೆಲ್ಲಿನ ಮೇಲೆ ಹೊಸ ತಗಡು ಹೊದಿಸಿ ಸುತ್ತ ಬೆಸುಗೆ ಎಳೆದರೆ ನಾವು ಮಾಡಿದ್ದೇನು? ಹಳೆಯ ತುಕ್ಕನ್ನು ಹಾಗೇ ಒಳಗಿಟ್ಟು, ನೀರು ನಿಲ್ಲಲು ಹೊಸದೊಂದು ಸಂದು ಕಟ್ಟಿಕೊಟ್ಟೆವು. ಅದರ ಮೇಲೆ ಬೆಸುಗೆಯ ಶಾಖಕ್ಕೆ ಅಕ್ಕಪಕ್ಕದ ಬಣ್ಣ ಸುಟ್ಟು ಬರಿ ಕಬ್ಬಿಣ ಬಯಲಾಗಿದೆ. ಒಂದೆರಡು ಮಳೆಗಾಲದಲ್ಲಿ ಪಟ್ಟಿ ಗಟ್ಟಿಯಾಗಿಯೇ ಇರುತ್ತದೆ, ಅದು ಹಿಡಿದುಕೊಂಡಿದ್ದ ಚಾನೆಲ್ ಇರುವುದಿಲ್ಲ.

ಹಾಗಾದರೆ ಸರಿಯಾದ ಕೆಲಸ ಹೇಗೆ? ಮೊದಲನೆಯದು ಪತ್ತೆ. ಮೈ ಎತ್ತಿ ಪಕ್ಕಕ್ಕಿಡದೆ ಚಾಸಿ ನೋಡಿದೆ ಎನ್ನುವುದು ಬರಿ ಬಾಯಿಮಾತು. ಮಣ್ಣು ತೊಳೆದು, ತಂತಿ ಬ್ರಷ್ ಹಾಕಿ, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋಗಬೇಕು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ. ಸತ್ತ ಜಾಗದಲ್ಲಿ ಸದ್ದು ಅಲ್ಲೇ ಹುಗಿದುಹೋಗುತ್ತದೆ. ಸದ್ದು ಸತ್ತಲ್ಲಿ ಹಳೆಯ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ತುದಿ ಒಳಕ್ಕೆ ಹೋದರೆ ಅದು ಕಬ್ಬಿಣವೆಂಬ ಭ್ರಮೆ ಬಿಡಬೇಕು. ಹೀಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದರೆ, ಕಣ್ಣಿಗೆ ಅಂಗೈಯಗಲ ಕಂಡ ತುಕ್ಕು ನಿಜದಲ್ಲಿ ಮೊಳದುದ್ದ ಹಬ್ಬಿರುವುದು ಗೊತ್ತಾಗುತ್ತದೆ. ವಿಶೇಷವಾಗಿ ನೋಡಬೇಕಾದದ್ದು ಹಿಂದಿನ ಪಾಟಾದ ಹ್ಯಾಂಗರುಗಳ ಬುಡ, ಹಿಂದಿನ ಕೊನೆಯ ಅಡ್ಡ ಪಟ್ಟಿ, ಮೈ ಕೂರುವ ಬ್ರಾಕೆಟ್ಟುಗಳು, ಮತ್ತು ಬ್ಯಾಟರಿಯ ಕೆಳಗಿನ ಜಾಗ. ಬ್ಯಾಟರಿಯ ಆಸಿಡ್ ಸುರಿದ ಚಾನೆಲ್ಲಿಗೆ ಮಳೆ ಬೇಕಾಗಿಯೇ ಇಲ್ಲ.

ಕತ್ತರಿಸುವ ಮೊದಲು ಅಳತೆ. ನಮ್ಮಲ್ಲಿ ಹೆಚ್ಚಿನವರು ಹಾರಿ ದಾಟುವ ಹಂತ ಇದು, ಮತ್ತು ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ. ಚಾಸಿಯ ಒಂದು ತುಂಡು ತೆಗೆದ ಕ್ಷಣ ಉಳಿದದ್ದು ತನ್ನ ಭಾರಕ್ಕೆ ತಾನೇ ಬಾಗಬಹುದು. ಬೆಸುಗೆ ಹಾಕಿದಾಗ ಶಾಖಕ್ಕೆ ಎಳೆಯಬಹುದು. ಬಾಗಿದ ಚಾಸಿಯ ಮೇಲೆ ಎಷ್ಟೇ ಚಂದದ ಮೈ ಕೂರಿಸಿದರೂ ಬಾಗಿಲು ಹಾಕಲು ಭುಜ ಕೊಡಬೇಕು, ಗಾಡಿ ರಸ್ತೆಯಲ್ಲಿ ಅಡ್ಡಡ್ಡ ಎಳೆಯುತ್ತದೆ, ಟೈರು ಒಂದೇ ಬದಿ ಸವೆಯುತ್ತದೆ.

ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಸಪಾಟಾದ ಸಿಮೆಂಟು ನೆಲ, ಗೌಂಡಿಯ ತೂಕದ ಗುಂಡು, ಟೇಪು, ಸೀಮೆಸುಣ್ಣ ಸಾಕು. ಚಾಸಿಯನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಕೂರಿಸಿ ಮಟ್ಟ ನೋಡುವುದು. ಪಾಟಾದ ನಾಲ್ಕು ಮೂಲೆಯ ಬೋಲ್ಟಿನ ತೂತುಗಳಿಂದ ಗುಂಡು ಬಿಟ್ಟು ಅದರ ಮೊನೆ ನೆಲ ಮುಟ್ಟುವಲ್ಲಿ ಗುರುತು ಹಾಕುವುದು. ಈಗ ಮುಂದಿನ ಎಡದಿಂದ ಹಿಂದಿನ ಬಲಕ್ಕೆ, ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಟೇಪು ಹಿಡಿದರೆ ಎರಡೂ ಒಂದೇ ಬರಬೇಕು. ಮನೆಯ ಪಾಯ ಹಾಕುವಾಗ ಗೌಂಡಿ ಮೂಲೆಯಿಂದ ಮೂಲೆಗೆ ದಾರ ಹಿಡಿಯುವುದೂ ಇದಕ್ಕೇ. ಎರಡರ ನಡುವೆ ವ್ಯತ್ಯಾಸ ಬಂದರೆ ಚಾಸಿ ಮೊದಲೇ ವಜ್ರಾಕಾರಕ್ಕೆ ಸೊಟ್ಟಗಾಗಿದೆ, ಹಿಂದೆಂದೋ ಅಪಘಾತವಾಗಿರಬಹುದು. ತುಕ್ಕಿನ ಕೆಲಸಕ್ಕೆ ಮುನ್ನ ಆ ಸೊಟ್ಟ ತಿದ್ದಬೇಕು. ಅಳತೆ ಸರಿ ಬಂದರೆ ನೆಲದ ಗುರುತನ್ನು ಅಳಿಸದೆ ಉಳಿಸಿಕೊಂಡು, ಕತ್ತರಿಸುವ ಜಾಗದ ಆಚೆ ಈಚೆಗೆ ತಾತ್ಕಾಲಿಕ ಆಂಗಲ್ ಪಟ್ಟಿ ಬೆಸೆದು ಚಾಸಿಯನ್ನು ಬಿಗಿಹಿಡಿಯಬೇಕು. ಪ್ರತಿ ಬೆಸುಗೆಯ ನಂತರ ಗುಂಡು ಮತ್ತೆ ಅದೇ ಗುರುತಿಗೆ ಇಳಿಯುತ್ತದೆಯೇ ಎಂದು ನೋಡುತ್ತಿರಬೇಕು.

ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕು, ಬ್ರೇಕಿನ ಪೈಪು, ವೈರು ಎಲ್ಲ ಕಳಚಿಡುವುದು, ಬ್ಯಾಟರಿ ಬಿಚ್ಚುವುದು ಹೇಳಬೇಕಾದ ಮಾತಲ್ಲ, ಆದರೂ ಹೇಳಿದ್ದೇನೆ. ಖಾಲಿ ಟ್ಯಾಂಕಿನಲ್ಲಿ ಆವಿ ಇರುತ್ತದೆ.

ಎಲ್ಲಿಯ ತನಕ ಕತ್ತರಿಸಬೇಕು? ಪೂರಾ ದಪ್ಪ ಇರುವ ಗಟ್ಟಿ ಉಕ್ಕು ಸಿಗುವ ತನಕ. ಅರ್ಧ ಸವೆದ ತಗಡಿಗೆ ಬೆಸುಗೆ ಹಿಡಿದಂತೆ ಕಾಣುತ್ತದೆ, ಹಿಡಿದಿರುವುದಿಲ್ಲ. ರಾಡು ಇಟ್ಟಲ್ಲೆಲ್ಲ ತೂತು ಬೀಳುತ್ತ ಹೋಗುತ್ತದೆ. ಹೊಸ ತುಂಡಿನ ದಪ್ಪ ಹಳೆಯದರಷ್ಟೇ ಇರಬೇಕು. "ಡಬಲ್ ದಪ್ಪದ್ದು ಹಾಕ್ರಿ, ಗಟ್ಟಿ ಆಗ್ಲಿ" ಎಂಬ ಮಾತನ್ನು ಟ್ರೇಲರ್ ಮಾಲೀಕರಿಂದ ಎಷ್ಟೋ ಸಲ ಕೇಳಿದ್ದೇನೆ. ಚಾಸಿ ಓಡುವಾಗ ಸ್ವಲ್ಪ ಸ್ವಲ್ಪ ತಿರುಚಿಕೊಳ್ಳುತ್ತಲೇ ಇರುತ್ತದೆ, ಅದನ್ನು ಹಾಗೆಂದೇ ಮಾಡಿದ್ದು. ನಡುವೆ ಒಂದು ಜಾಗ ಮಾತ್ರ ಮಣಿಯದ ಹಾಗೆ ಮಾಡಿದರೆ ಆ ಮಣಿತವೆಲ್ಲ ದಪ್ಪ ಪಟ್ಟಿ ಮುಗಿಯುವ ಅಂಚಿನಲ್ಲಿ ಬಂದು ಸೇರುತ್ತದೆ. ಬಿರುಕು ಬಿಡುವುದು ಅಲ್ಲೇ. ಬಿರುಕು ಬಿಟ್ಟ ಮೇಲೆ ಅಲ್ಲಿಗೂ ಇನ್ನೊಂದು ಪಟ್ಟಿ. ಹೀಗೆ ಪಟ್ಟಿಯ ಮೇಲೆ ಪಟ್ಟಿ ಏರಿದ ಟ್ರೇಲರುಗಳನ್ನು ನೋಡಲು ದೂರ ಹೋಗಬೇಕಿಲ್ಲ.

ಕೀಲಿನ ಆಕಾರಕ್ಕೂ ಬೆಲೆ ಇದೆ. ಚಾನೆಲ್ಲನ್ನು ನೆಟ್ಟಗೆ ಅಡ್ಡ ಕೊಯ್ದು ಒಂದೇ ಗೆರೆಯಲ್ಲಿ ಬೆಸೆದರೆ ಭಾರವೆಲ್ಲ ಆ ಒಂದು ಗೆರೆಯ ಮೇಲೆ. ಓರೆಯಾಗಿ ಕೊಯ್ದರೆ ಅಥವಾ ಮೆಟ್ಟಿಲಿನಂತೆ ಕೊಯ್ದರೆ ಭಾರ ಹಂಚಿಹೋಗುತ್ತದೆ. ಮೇಲೆ ಬಲಕ್ಕೆ ಪ್ಲೇಟು ಬೇಕೇ ಬೇಕೆಂದರೆ ತುದಿಗಳು ಚೂಪಾದ ವಜ್ರಾಕಾರದ್ದು ಹಾಕಬೇಕು, ಇಟ್ಟಿಗೆಯಂಥ ಚೌಕದ್ದು ಬೇಡ. ಚೌಕದ ತುಂಡು ಕೂರಿಸಲೇಬೇಕಾದಲ್ಲಿ ಅದರ ಮೂಲೆಗಳನ್ನು ಗುಂಡಗೆ ಉಜ್ಜಿರಬೇಕು, ಬಿರುಕಿಗೆ ಮೂಲೆಯೆಂದರೆ ಬಲು ಇಷ್ಟ. ಚಾನೆಲ್ಲಿನ ಮೇಲಂಚು ಕೆಳಂಚುಗಳೇ ಹೆಚ್ಚು ಎಳೆತ ಹೊರುವುದರಿಂದ ಅವುಗಳ ಮೇಲೆ ಅಡ್ಡಲಾಗಿ ಬೆಸುಗೆ ಎಳೆಯುವುದನ್ನು ಆದಷ್ಟು ತಪ್ಪಿಸಬೇಕು.

ಬೆಸುಗೆ ಯಾವುದು ಎಂಬ ಚರ್ಚೆ ಅಂಗಡಿಗಳಲ್ಲಿ ಬಿಸಿಯಾಗಿಯೇ ನಡೆಯುತ್ತದೆ. ಈಗ ಬೈಲಹೊಂಗಲದಂಥ ಊರುಗಳಲ್ಲೂ ಸಿಓಟು ವೆಲ್ಡಿಂಗ್ ಬಂದಿದೆ. ತೆಳು ಚಾನೆಲ್ಲಿಗೆ ಅದು ಅನುಕೂಲ, ಶಾಖ ಹಿಡಿತದಲ್ಲಿರುತ್ತದೆ. ರಾಡಿನ ವೆಲ್ಡಿಂಗನ್ನು ತಳ್ಳಿಹಾಕುವಂತೆಯೂ ಇಲ್ಲ. ಅಂಚನ್ನು ವಿ ಆಕಾರಕ್ಕೆ ಉಜ್ಜಿ, ಒಣಗಿದ ರಾಡಿನಲ್ಲಿ, ಬುಡದ ತನಕ ಕರಗಿಸಿ ಹಾಕಿದ ರಾಡಿನ ಬೆಸುಗೆ, ಅವಸರದಲ್ಲಿ ಮೇಲೆ ಮೇಲೆ ಎಳೆದ ಸಿಓಟುಗಿಂತ ಎಷ್ಟೋ ಮೇಲು. ಎರಡರಲ್ಲೂ ಒಂದೇ ಸಮ ಎಳೆದುಕೊಂಡು ಹೋಗದೆ, ಅಲ್ಲಲ್ಲಿ ಚುಕ್ಕೆ ಹಾಕಿ, ಒಮ್ಮೆ ಈ ಬದಿ ಒಮ್ಮೆ ಆ ಬದಿ ಎಂದು ಬಿಟ್ಟು ಬಿಟ್ಟು ಮುಗಿಸಬೇಕು. ಆಗ ಚಾಸಿ ಎಳೆಯುವುದಿಲ್ಲ. ಒಂದು ಎಚ್ಚರಿಕೆ: ಇದೆಲ್ಲ ಹಳೆಯ ಮೆದು ಉಕ್ಕಿನ ಚಾಸಿಗೆ ಹೇಳಿದ್ದು. ಈಗಿನ ಲಾರಿ, ಪಿಕಪ್ಪುಗಳಲ್ಲಿ ವಿಶೇಷವಾಗಿ ಹದ ಮಾಡಿದ ಬಲವಾದ ಉಕ್ಕು ಇರುತ್ತದೆ, ಬೆಸುಗೆಯ ಶಾಖಕ್ಕೆ ಆ ಹದ ಕೆಡುತ್ತದೆ. ಅಲ್ಲಿ ಕಂಪನಿಯ ಸೂಚನೆಯೇ ಪ್ರಮಾಣ.

ತುಕ್ಕು ಬಿಡಿಸುವ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಸೊಗಸಾದ ಅನುಕೂಲವಿದೆ. ಹಳೆ ಕಾರು ರಿಪೇರಿಯ ಹವ್ಯಾಸಿಗಳು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಸಣ್ಣ ಭಾಗಗಳನ್ನು ಕಾಕಂಬಿಯ ನೀರಿನಲ್ಲಿ ನೆನೆಹಾಕುತ್ತಾರೆ. ಸಕ್ಕರೆ ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿಯುತ್ತದಲ್ಲ, ಅದೇ ಕಾಕಂಬಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ ಡ್ರಮ್ಮಿನಲ್ಲಿ ಒಂದೆರಡು ವಾರ ಬಿಟ್ಟರೆ, ಅದರಲ್ಲಿನ ಸಾವಯವ ಅಂಶಗಳು ತುಕ್ಕಿನಲ್ಲಿರುವ ಕಬ್ಬಿಣವನ್ನು ಹಿಡಿದು ಬಿಡಿಸಿಕೊಂಡು ಬರುತ್ತವೆ; ಗಟ್ಟಿ ಲೋಹ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ವಾಸನೆ ಮಾತ್ರ ಕೇಳಬೇಡಿ. ಅಲ್ಯುಮಿನಿಯಂ, ಸತುವಿನ ಭಾಗಗಳನ್ನು ಅದರೊಳಗೆ ಹಾಕಬಾರದು, ಅವು ಹಾಳಾಗುತ್ತವೆ. ಶ್ಯಾಕಲ್, ಬ್ರಾಕೆಟ್, ಬೋಲ್ಟುಗಳಿಗೆ ಇದು ಹೇಳಿ ಮಾಡಿಸಿದ್ದು, ಇಡೀ ಚಾಸಿಗೆ ಆಗದು. ಕಾಕಂಬಿಯಿಂದ ಮದ್ಯಸಾರ ತೆಗೆಯಬಹುದಾದ್ದರಿಂದ ಅಬಕಾರಿ ಇಲಾಖೆಯ ಕಣ್ಣು ಅದರ ಮೇಲಿರುತ್ತದೆ. ಹಾಗಾಗಿ ಕಾರ್ಖಾನೆಯ ಹಿಂಬಾಗಿಲಿನ ದಾರಿ ಹಿಡಿಯಬೇಡಿ, ಕಾನೂನುಬದ್ಧವಾಗಿ ಸಿಗುವಷ್ಟನ್ನೇ ಬಳಸಿ.

ಚಾಸಿಗೆ ಮರಳು ಹೊಡೆಸುವುದು ಒಳ್ಳೆಯ ಉಪಾಯವೆಂದು ಎಲ್ಲರೂ ಹೇಳುತ್ತಾರೆ. ಒತ್ತಡದ ಗಾಳಿಯಲ್ಲಿ ಕಣ ಬೀಸಿ ತುಕ್ಕು ಉದುರಿಸುವ ವಿಧಾನ ನಿಜಕ್ಕೂ ಒಳ್ಳೆಯದು, ಹೊಳೆಯ ಮರಳು ಕೆಟ್ಟದ್ದು. ಮರಳಿನ ಸಿಲಿಕಾ ಪುಡಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಬರುವ ಸಿಲಿಕೋಸಿಸ್ ಕಾಯಿಲೆಗೆ ಮದ್ದಿಲ್ಲ. ಗಾರ್ನೆಟ್ ಅಥವಾ ಉಕ್ಕಿನ ಕಣ ಬಳಸುವ ಕಡೆಗೇ ಕೊಡಿ. ಮುಖಕ್ಕೆ ಟವೆಲ್ ಸುತ್ತಿಕೊಂಡು ಮರಳು ಹೊಡೆಯುವ ಹುಡುಗನಿಗೆ ನಮ್ಮ ಜೀಪಿನ ಚಾಸಿ ಕೊಡುವುದು ಬೇಡ.

ಕೆಲಸ ಮುಗಿದ ಮೇಲಿನ ಬಣ್ಣದ ಬಗ್ಗೆ ಎರಡು ಮಾತು. ಕಿಟಕಿ ಸರಳಿಗೆ ಬಳಿಯುವ ಕೆಂಪು ಆಕ್ಸೈಡ್ ಬರಿ ತಳಪಾಯ, ಅದೊಂದನ್ನೇ ಬಳಿದು ಬಿಟ್ಟರೆ ನೀರು ದಾಟಿ ಹೋಗುತ್ತದೆ. ಶುದ್ಧ ಲೋಹದ ಮೇಲೆ ಎಪಾಕ್ಸಿ ಪ್ರೈಮರ್, ಮೇಲೆ ಗಟ್ಟಿ ಬಣ್ಣ, ಕೂಡುಗಳಿಗೆ ಸೀಲರ್. ತುಕ್ಕಿನ ಮೇಲೆಯೇ ದಪ್ಪ ಡಾಂಬರು ಬಳಿಯುವವರಿದ್ದಾರೆ. ಡಾಂಬರು ಒಣಗಿ ಸೀಳಿ, ಸೀಳಿನಲ್ಲಿ ನೀರು ಹೊಕ್ಕು, ಹೊರಬರಲು ದಾರಿ ಇಲ್ಲದೆ ಒಳಗೇ ಕೂರುತ್ತದೆ. ತುಕ್ಕನ್ನು ಕಪ್ಪಗೆ ಮಾಡಿ ನಿಲ್ಲಿಸುವ ದ್ರಾವಣಗಳು ತೆಳು ತುಕ್ಕಿಗೆ ಕೆಲಸ ಮಾಡುತ್ತವೆ. ಅವುಗಳಲ್ಲಿ ಕೆಲವಕ್ಕೆ ಟ್ಯಾನಿನ್ ಆಧಾರ. ಅಣಲೆಕಾಯಿಯ ಒಗರಿನಲ್ಲಿರುವುದೂ ಟ್ಯಾನಿನ್ನೇ, ಅದನ್ನು ಕಬ್ಬಿಣದೊಂದಿಗೆ ಕೂಡಿಸಿ ನಮ್ಮ ಹಿರಿಯರು ಕಪ್ಪು ಮಸಿ ಮಾಡುತ್ತಿದ್ದರು. ಆದರೆ ಹೊಪ್ಪಳೆ ಏಳುವ ತುಕ್ಕಿಗೆ ಯಾವ ದ್ರಾವಣವೂ ಉಕ್ಕನ್ನು ಮರಳಿ ತಂದುಕೊಡದು.

ಡಬ್ಬಿಯ ಒಳಮೈ ಎಲ್ಲಕ್ಕಿಂತ ಮುಖ್ಯ. ಬೆಸುಗೆಯ ಒಳಬದಿಯಲ್ಲಿ ಬಣ್ಣ ಸುಟ್ಟಿರುತ್ತದೆ, ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಉದ್ದ ನಳಿಕೆಯ ಸ್ಪ್ರೇಯಿಂದ ಮೇಣದ ದ್ರಾವಣವನ್ನು ಒಳಗೆ ಸಿಂಪಡಿಸಬೇಕು. ನಮ್ಮ ಕಡೆ ಸುಟ್ಟ ಎಂಜಿನ್ ಎಣ್ಣೆ ಬಳಿಯುವ ರೂಢಿ ಇದೆ. ಅದು ಉಪಯೋಗಕ್ಕೆ ಬರುವುದಿಲ್ಲ ಎಂದು ಹೇಳಲಾರೆ, ಎಷ್ಟೋ ಟ್ರೇಲರು ಅದರಿಂದಲೇ ಉಳಿದಿವೆ. ಆದರೆ ಅದು ದೂಳನ್ನು ಅಂಟಿಸಿಕೊಳ್ಳುತ್ತದೆ, ರಬ್ಬರ್ ಬುಶ್ಶುಗಳನ್ನು ಉಬ್ಬಿಸುತ್ತದೆ, ತೊಟ್ಟಿಕ್ಕಿ ಹೊಲಕ್ಕೇ ಇಳಿಯುತ್ತದೆ. ವಿದೇಶದಲ್ಲಿ ಹಳೆ ಲ್ಯಾಂಡ್ ರೋವರ್ ಚಾಸಿಗಳನ್ನು ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುತ್ತಾರೆ. ಒಳಗೂ ಹೊರಗೂ ಸತು ಹಿಡಿಯುವುದರಿಂದ ಅದಕ್ಕೆ ಸರಿಸಾಟಿ ಇಲ್ಲ. ಗಾಳಿ ತೂತು ಬಿಡದೆ ಅದ್ದಿದರೆ ಡಬ್ಬಿ ಸಿಡಿಯುವ ಅಪಾಯ, ತೆಳು ಚಾಸಿ ಬಾಗುವ ಭಯ ಎರಡೂ ಇದೆ. ಖರ್ಚಂತೂ ಇದ್ದೇ ಇದೆ.

ಕೊನೆಯದಾಗಿ ಕಾನೂನು. ಚಾಸಿಗೆ ತನ್ನದೇ ಸಂಖ್ಯೆ ಇರುತ್ತದೆ, ಗಾಡಿಯ ಗುರುತೇ ಅದು. ತುಕ್ಕು ಆ ಸಂಖ್ಯೆಯ ಜಾಗಕ್ಕೇ ಬಂದಿದ್ದರೆ ಗ್ರೈಂಡರ್ ಹಿಡಿಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ. ಕೆಎ-24 ಬೈಲಹೊಂಗಲದ್ದು, ಕೆಎ-69 ರಾಮದುರ್ಗದ್ದು, ಎರಡೂ ದೂರವಿಲ್ಲ. ಸಂಖ್ಯೆಯನ್ನು ಕತ್ತರಿಸಿ ಬೇರೆಡೆ ಬೆಸೆದರೆ ಎಷ್ಟೇ ಪ್ರಾಮಾಣಿಕನಾದರೂ ಕದ್ದ ಗಾಡಿಯ ಅನುಮಾನ ತಪ್ಪದು. ಖಾಸಗಿ ವಾಹನಕ್ಕೆ 15 ವರ್ಷವಾದ ಮೇಲೆ ಪ್ರತಿ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು, ಆಗ ಗಾಡಿಯನ್ನು ಅಧಿಕಾರಿಯ ಮುಂದೆ ನಿಲ್ಲಿಸಲೇಬೇಕು. ತಯಾರಕರು ಕೊಟ್ಟ ರಚನೆಯನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಅಡ್ಡ ಬರುತ್ತದೆ. ಸವೆದ ತುಂಡಿನ ಜಾಗದಲ್ಲಿ ಅದೇ ಅಳತೆಯ ತುಂಡು ಕೂರಿಸುವುದು ದುರಸ್ತಿ. ಚಾಸಿ ಕತ್ತರಿಸಿ ಗಿಡ್ಡ ಮಾಡುವುದು, ಉದ್ದ ಮಾಡುವುದು ಬೇರೆ ಕತೆ.

ಐವತ್ತು ವರ್ಷ ದಾಟಿದ ಗಾಡಿ ಇದ್ದವರು 2021ರ ಜುಲೈಯಲ್ಲಿ ಕೇಂದ್ರ ತಂದ ವಿಂಟೇಜ್ ನಿಯಮವನ್ನೂ ನೋಡಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರ. ಷರತ್ತು ಏನೆಂದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಕ್ಕಷ್ಟೇ ರಸ್ತೆಗಿಳಿಸಬಹುದು, ದಿನಬಳಕೆಗೆ ಇಲ್ಲ. ಅಗಲ ಟೈರಿಗಾಗಿ ಚಾಸಿಯ ಹ್ಯಾಂಗರನ್ನೇ ಸರಿಸಿದ ಹುಡುಗರು ಇದನ್ನು ಓದಿದರೆ ಬೇಸರವಾದೀತು.

ನಮ್ಮ ಮಿಸ್ತ್ರಿಗಳ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ. ಹತ್ತಾರು ಟನ್ ಕಬ್ಬು ಹೊತ್ತು ಹಳ್ಳದ ದಾರಿ ಹತ್ತಿಳಿಯುವ ಟ್ರೇಲರನ್ನು ವರ್ಷ ವರ್ಷ ಎಬ್ಬಿಸಿ ನಿಲ್ಲಿಸುವವರಿಗೆ ಜೀಪಿನ ಚಾಸಿ ದೊಡ್ಡದಲ್ಲ. ಅವರಿಗೆ ಸಿಗದೇ ಇರುವುದು ಸಮಯ ಮತ್ತು ಅದಕ್ಕೆ ತಕ್ಕ ಕೂಲಿ. ಅಳತೆ ಹಿಡಿಯಲು ಹೋದ ದಿನಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹಚ್ಚಿದ ಪಟ್ಟಿಯ ತೂಕಕ್ಕೆ ಕೊಡುತ್ತಾರೆ. ಹಾಗಾಗಿ ಪಟ್ಟಿಯೇ ಬರುತ್ತದೆ.

ಹಳೆ ಗಾಡಿ ರಿಪೇರಿಗೆ ಕೊಡುವವರು ಮೊದಲು ಚಾಸಿಗೆ ಹಣ ತೆಗೆದಿಡಿ, ಉಳಿದರೆ ಬಣ್ಣ. ಮಿಸ್ತ್ರಿಗೆ ಅಳತೆಯ ದಿನದ ಕೂಲಿ ಬೇರೆ ಕೊಡಿ. ಕತ್ತರಿಸಿ ತೆಗೆದ ಹಳೆಯ ತುಂಡನ್ನು ಕೇಳಿ ಪಡೆಯಿರಿ. ಅದರ ಎರಡೂ ಅಂಚಿನಲ್ಲಿ ಪೂರಾ ದಪ್ಪದ ಹೊಳೆಯುವ ಉಕ್ಕು ಕಾಣದಿದ್ದರೆ ಸಾಕಷ್ಟು ಕತ್ತರಿಸಿಲ್ಲ ಎಂದೇ ಅರ್ಥ, ಹಾಗಿದ್ದಾಗ ಬೆಸುಗೆಗೆ ಒಪ್ಪಬೇಡಿ.